ಕೊನೆಯ ಐವತ್ತು ಕಿಲೋಮೀಟರ್: ದೂರದ ಸೈಕಲ್ ಪ್ರವಾಸವನ್ನು ಬೀದರ್‌ನಲ್ಲಿ ಮುಗಿಸುವ ಬಗೆ

ದೂರದ ಸೈಕಲ್ ಪ್ರವಾಸ ಹೊರಡೋದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಮುಗಿಸೋದು ಹೇಗೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಮೈಸೂರಿನಿಂದ ಹೊರಟು ಹನ್ನೊಂದು ದಿನ ತುಳಿದಿದ್ದೆ, ಮೈಮೇಲೆ ಒಂದು ಗೀರು ಕೂಡ ಇರಲಿಲ್ಲ. ಹನ್ನೆರಡನೇ ದಿನ ಬೀದರ್ ಇನ್ನೇನು ಬಂತು ಅನ್ನುವಾಗ, ಬೇಗ ಮುಟ್ಟಬೇಕು ಅಂತ ಹೆದ್ದಾರಿ ಬಿಟ್ಟು ಹಳ್ಳಿ ದಾರಿ ಹಿಡಿದೆ. ಅಲ್ಲಿ ರಸ್ತೆ ಮೇಲೆ ತೊಗರಿ ಹರವಿದ್ದರು. ಬಿಡಿಸಿಕೊಂಡು ಉದುರಿದ ಕಾಳು ಡಾಂಬರಿನ ಮೇಲೆ ತೆಳ್ಳಗೆ ಹರಡಿತ್ತು. ಮುಂದಿನ ಚಕ್ರ ಅದರ ಮೇಲೆ ಹೋಯಿತು, ನಾನು ಬ್ರೇಕ್ ಹಿಡಿದೆ, ಅಷ್ಟೇ. ಮೊಣಕೈ ಕಿತ್ತುಹೋಯಿತು, ಹ್ಯಾಂಡಲ್ ಸೊಟ್ಟಗಾಯಿತು.

ರಾಶಿ ಮಾಡುತ್ತಿದ್ದ ಮುತ್ಯಾ (ಅಜ್ಜ) ಒಬ್ಬರು ಓಡಿ ಬಂದು ನನ್ನನ್ನು ಎಬ್ಬಿಸಿದರು. ಗಾಯಕ್ಕೆ ನೀರು ಹಾಕುತ್ತಾ ಅವರು ಹೇಳಿದ್ದು ಇಷ್ಟೇ: “ಬೀದರ್ ಅಲ್ಲೇ ಅದ ತಮ್ಮಾ, ಎಲ್ಲಿ ಓಡಿ ಹೋಗ್ತದ?”

ಆಮೇಲೆ ಇನ್ನೂ ಎರಡು ಸಲ ಬೇರೆ ಬೇರೆ ಕಡೆಯಿಂದ ಬಂದು ಬೀದರ್‌ನಲ್ಲೇ ಪ್ರವಾಸ ಮುಗಿಸಿದ್ದೇನೆ. ಎರಡೂ ಸಲ ಆ ಮಾತನ್ನೇ ಹಿಡಿದು ಕೊನೆಯ ದಿನವನ್ನು ಜೋಡಿಸಿಕೊಂಡೆ. ಕೊನೆಯ ದಿನ ಮನಸ್ಸು ಮುಂಚೆಯೇ ಊರು ಮುಟ್ಟಿ ಕೂತಿರುತ್ತದೆ, ಮೈ ಇನ್ನೂ ರಸ್ತೆ ಮೇಲಿರುತ್ತದೆ. ಬೀಳೋದು, ಮಂಡಿ ಹಿಡಿದುಕೊಳ್ಳೋದು, ಸಾಮಾನು ಮರೆಯೋದು, ಜೊತೆಗಾರರ ಹತ್ತಿರ ಜಗಳ ಆಡೋದು ಎಲ್ಲ ಆ ದಿನವೇ ಜಾಸ್ತಿ. ಅದಕ್ಕೆ ನನ್ನ ಸಲಹೆ ಒಂದೇ. ಕೊನೆಯ ದಿನ ಇಡೀ ಪ್ರವಾಸದ ಅತಿ ಚಿಕ್ಕ, ಅತಿ ನಿಧಾನದ ದಿನ ಆಗಿರಲಿ. ಹೇಗೆ ಅಂತ ಕೆಳಗೆ ಹೇಳುತ್ತೇನೆ. ದಕ್ಷಿಣದಿಂದ ಕಲಬುರಗಿ ದಾಟಿ ಬೀದರ್‌ಗೆ ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲು ದೂರವನ್ನು ಒಡೆಯಿರಿ

ಕಲಬುರಗಿಯಿಂದ ಬೀದರ್‌ಗೆ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹೆಚ್ಚು ಕಡಿಮೆ 110 ಕಿಲೋಮೀಟರ್. ಕಲಬುರಗಿಯಿಂದ ಹುಮನಾಬಾದ್ ಸುಮಾರು 60, ಅಲ್ಲಿಂದ ಬೀದರ್ ಸುಮಾರು 50. ಹತ್ತು ದಿನ ತುಳಿದು ಬಂದವರಿಗೆ 110 ದೊಡ್ಡ ಲೆಕ್ಕ ಅನ್ನಿಸುವುದಿಲ್ಲ. “ಒಂದೇ ದಿನಕ್ಕೆ ಹೊಡೆದುಬಿಡೋಣ” ಅನ್ನಿಸುತ್ತದೆ. ತಡೆಯಿರಿ.

ಇಲ್ಲಿ ಎರಡು ವಿಷಯ ಇವೆ. ಒಂದು, ದಾರಿ ಏರು. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಬೀದರ್ ಸುಮಾರು 700 ಮೀಟರ್. ಎಲ್ಲೂ ದೊಡ್ಡ ಘಾಟಿ ಇಲ್ಲ. ಆದರೆ ಕಲಬುರಗಿ, ಹುಮನಾಬಾದ್ ನಡುವಿನ ಕಮಲಾಪುರ ದಾಟಿದ ಮೇಲೆ ಗುಡ್ಡದ ಸಾಲು ಬರುತ್ತದೆ, ಏರುವುದು ಇಳಿಯುವುದು, ಮತ್ತೆ ಏರುವುದು. ಕಣ್ಣಿಗೆ ಸಪಾಟಾಗಿ ಕಾಣುವ ರಸ್ತೆಯಲ್ಲೂ ಗೇರ್ ಇಳಿಸಬೇಕಾಗುತ್ತದೆ, ಯಾಕೆ ಇಷ್ಟು ಸುಸ್ತು ಅಂತ ಗೊತ್ತಾಗುವುದೇ ಇಲ್ಲ. ಎರಡನೆಯದು ಗಾಳಿ. ನವೆಂಬರಿನಿಂದ ಫೆಬ್ರವರಿವರೆಗೆ, ಅಂದರೆ ಈ ಕಡೆ ಸೈಕಲ್ ಹೊಡೆಯಲು ಸರಿಯಾದ ಕಾಲದಲ್ಲಿ, ಗಾಳಿ ಹೆಚ್ಚಾಗಿ ಮೂಡಣ ಮತ್ತು ಈಶಾನ್ಯ ದಿಕ್ಕಿನಿಂದ ಬೀಸುತ್ತದೆ. ನೀವು ಹೋಗುತ್ತಿರುವುದೂ ಆ ದಿಕ್ಕಿಗೇ. ಹೊತ್ತು ಏರಿದಂತೆ ಎದುರುಗಾಳಿ ಜೋರಾಗುತ್ತದೆ, ಬೆಳಿಗ್ಗೆ ಗಂಟೆಗೆ 18 ಕಿಲೋಮೀಟರ್ ಹೋದವರು ಮಧ್ಯಾಹ್ನ 12ಕ್ಕೆ ಇಳಿಯುತ್ತಾರೆ.

ಹಾಗಾಗಿ ಹುಮನಾಬಾದ್‌ನಲ್ಲಿ ರಾತ್ರಿ ಉಳಿಯಿರಿ. ಅದು ಹೆದ್ದಾರಿ 50 ಮತ್ತು ಪುಣೆ–ಹೈದರಾಬಾದ್ ಹೆದ್ದಾರಿ 65 ಸೇರುವ ಊರು. ಲಾಡ್ಜ್, ಊಟ, ಪಂಚರ್ ಅಂಗಡಿ, ಔಷಧಿ ಅಂಗಡಿ ಎಲ್ಲ ಸಿಗುತ್ತವೆ. ಸಂಜೆ ಹೊತ್ತಿದ್ದರೆ ವೀರಭದ್ರೇಶ್ವರ ಗುಡಿಗೆ ನಡೆದೇ ಹೋಗಿ ಬನ್ನಿ. ದಿನವೆಲ್ಲ ಪೆಡಲ್ ತುಳಿದ ಕಾಲಿಗೆ ಆ ನಡಿಗೆ ಔಷಧಿ ಇದ್ದ ಹಾಗೆ.

ರಜೆ ಇಲ್ಲ, ಒಂದೇ ದಿನದಲ್ಲಿ ಮುಟ್ಟಲೇಬೇಕು ಅನ್ನುವವರು ಈ ಲೆಕ್ಕ ನೋಡಿಕೊಳ್ಳಿ. ಸಾಮಾನು ಹೊತ್ತ ಸೈಕಲ್ ಸರಾಸರಿ ಗಂಟೆಗೆ 15 ಅಂದರೂ ತುಳಿಯುವುದಕ್ಕೇ ಏಳೂವರೆ ಗಂಟೆ. ಚಹಾ, ಊಟ, ಒಂದು ಪಂಚರ್ ಸೇರಿಸಿ ಎರಡೂವರೆ ಗಂಟೆ. ಒಟ್ಟು ಹತ್ತು. ಜನವರಿಯಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಸುಮಾರು 6:45ಕ್ಕೆ, ಮುಳುಗುವುದು ಸಂಜೆ ಹತ್ತಿರ ಹತ್ತಿರ 6ಕ್ಕೆ. ಬೆಳಕಿಗೇ ಹೊರಟರೂ ಕೈಯಲ್ಲಿ ಉಳಿಯುವುದು ಒಂದು ಗಂಟೆ ಮಾತ್ರ. ಎಂಟಕ್ಕೆ ಹೊರಟರೆ ಕೊನೆಯ ಕಿಲೋಮೀಟರ್‌ಗಳು ಕತ್ತಲಲ್ಲಿ ಆಗುತ್ತವೆ. ಮಧ್ಯಾಹ್ನ 1 ಗಂಟೆಗೆ ಹುಮನಾಬಾದ್ ದಾಟಿರದಿದ್ದರೆ ಅಲ್ಲೇ ರೂಮು ಹಿಡಿಯಿರಿ, ಮನೆಗೆ ಫೋನ್ ಮಾಡಿ “ನಾಳೆ” ಅಂತ ಹೇಳಿ. ಇದನ್ನು ಹೊರಡುವ ಮುಂಚೆಯೇ ಜೊತೆಗಾರರೆಲ್ಲ ಕೂತು ಒಪ್ಪಿಕೊಂಡಿರಬೇಕು, ಸುಸ್ತಾದ ಮೇಲೆ ಮಾತಾಡಿದರೆ ಜಗಳವೇ ಆಗೋದು.

ಏಪ್ರಿಲ್, ಮೇನಲ್ಲಿ ಈ ದಾರಿ ಬೇಡ. ಕಲಬುರಗಿ ಬಿಸಿಲು 40 ಡಿಗ್ರಿ ದಾಟುತ್ತದೆ, ನೆರಳು ಕಡಿಮೆ.

ಹಿಂದಿನ ಸಂಜೆ: ಒಂದು ಗಂಟೆ ಸೈಕಲ್‌ಗೆ ಕೊಡಿ

ಕೊನೆಯ ದಿನ ತಾನೇ, ಹೇಗೋ ನಡೆಯುತ್ತದೆ ಅಂತ ಎಲ್ಲರೂ ಬಿಡುವ ಕೆಲಸ ಇದು. ಆದರೆ ನಿಮ್ಮ ಸೈಕಲ್ ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಸವೆದಿರುವುದು ಇವತ್ತು. ಸ್ನಾನಕ್ಕೆ ಹೋಗುವ ಮುಂಚೆ ಮುಗಿಸಿ, ಸ್ನಾನ ಆದ ಮೇಲೆ ಯಾರೂ ಮತ್ತೆ ಚೈನ್ ಮುಟ್ಟುವುದಿಲ್ಲ.

ಸೈಕಲ್ ತಿರುವಿ ಸೀಟಿನ ಮೇಲೆ ನಿಲ್ಲಿಸಿ. ಮೊದಲು ಟೈರ್. ಬೆರಳಿನಿಂದ ಪೂರ್ತಿ ಸುತ್ತ ಸವರಿ ನೋಡಿ. ಈ ಸೀಮೆಯಲ್ಲಿ ಪಂಚರ್‌ಗೆ ಜಾಲಿ ಮುಳ್ಳೇ ದೊಡ್ಡ ಕಾರಣ. ಅದು ಚುಚ್ಚಿದ ಕೂಡಲೇ ಗಾಳಿ ಹೋಗಬೇಕೆಂದೇನೂ ಇಲ್ಲ. ತುದಿ ಮುರಿದು ರಬ್ಬರಿನೊಳಗೆ ಕೂತು, ಮರುದಿನ ಮೂವತ್ತು ಕಿಲೋಮೀಟರ್ ಆದ ಮೇಲೆ ಟ್ಯೂಬ್ ಮುಟ್ಟುತ್ತದೆ. ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಕಪ್ಪು ರಬ್ಬರಿನಲ್ಲಿ ಕಂದು ಬಣ್ಣದ ಚುಕ್ಕಿ ಕಾಣುತ್ತದೆ, ಗುಂಡುಪಿನ್ನಿನ ತಲೆಯಷ್ಟು. ಸಣ್ಣ ಚಿಮಟ ಅಥವಾ ಉಗುರು ಕತ್ತರಿಯಿಂದ ಹಿಡಿದು ನೇರವಾಗಿ ಎಳೆಯಿರಿ. ಎಳೆದ ಮೇಲೆ ಎರಡು ನಿಮಿಷ ಕಾಯಿರಿ. ಆ ಜಾಗಕ್ಕೆ ಉಗುಳು ಹಚ್ಚಿ ನೋಡಿ, ಗುಳ್ಳೆ ಬಂದರೆ ಈಗಲೇ ಟ್ಯೂಬ್ ಬದಲಿಸಿ. ರಾತ್ರಿ ಲಾಡ್ಜಿನ ಬೆಳಕಿನಲ್ಲಿ ಮಾಡುವ ಕೆಲಸ ಬಿಸಿಲಲ್ಲಿ, ಲಾರಿ ಪಕ್ಕದಲ್ಲಿ ಮಾಡುವುದಕ್ಕಿಂತ ಎಷ್ಟೋ ವಾಸಿ.

ನಿಮ್ಮ ಟ್ಯೂಬಿಗೆ ಗಾಳಿ ತುಂಬುವ ಬಾಯಿ (ವಾಲ್ವ್) ತೆಳ್ಳಗಿನ ಪ್ರೆಸ್ಟಾ ಆಗಿದ್ದರೆ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಜೇಬಿನಲ್ಲಿರಲಿ. ಪಂಚರ್ ಅಂಗಡಿಯವರ ಪಂಪು ಮೋಟಾರ್ ಸೈಕಲ್ಲಿಗೆ ಮಾಡಿದ್ದು, ಅಡಾಪ್ಟರ್ ಇಲ್ಲದಿದ್ದರೆ ಅವರೆಷ್ಟೇ ಮನಸ್ಸಿದ್ದರೂ ಗಾಳಿ ಹೊಡೆಯಲಾರರು.

ಆಮೇಲೆ ಬ್ರೇಕ್. ರಬ್ಬರಿನಲ್ಲಿರುವ ಗೀರುಗಳು ಸವೆದು ನುಣುಪಾಗಿದ್ದರೆ ಬದಲಿಸಿ. ಚೈನಿಗೆ ಎರೆ ಮಣ್ಣು ಮೆತ್ತಿದ್ದರೆ ಹಸಿ ಇರುವಾಗ ಒರೆಸಬೇಡಿ, ಅದು ಇನ್ನೂ ಒಳಗೆ ಹೋಗುತ್ತದೆ. ಒಣಗಲು ಬಿಟ್ಟು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉದುರಿಸಿ, ಬಟ್ಟೆಯಿಂದ ಒರೆಸಿ, ಒಂದೊಂದು ಕೊಂಡಿಗೂ ಒಂದು ಹನಿ ಎಣ್ಣೆ ಬಿಡಿ, ಮತ್ತೆ ಒರೆಸಿ. ಕ್ಯಾರಿಯರ್ ಬೋಲ್ಟುಗಳನ್ನು ಒಂದೊಂದಾಗಿ ಬಿಗಿ ಮಾಡಿ, ದಿನಗಟ್ಟಲೆ ಅದುರಿದ ಮೇಲೆ ಅವು ಸಡಿಲವಾಗಿಯೇ ಇರುತ್ತವೆ. ಹಿಂದಿನ ಕೆಂಪು ದೀಪ ಚಾರ್ಜಿಗೆ ಹಾಕಿ.

ಬ್ಯಾಗ್ ಜೋಡಿಸುವಾಗ ಒಂದು ಜೊತೆ ಒಗೆದ ಬಟ್ಟೆ ಮೇಲೆ ಇಡಿ. ನಾಳೆ ಇಳಿದ ಕೂಡಲೇ ಬೇಕಾಗುವುದು ಅದು. ಅದರ ಜೊತೆ ತಲೆಗೆ ಕಟ್ಟಲು ಒಂದು ಕರವಸ್ತ್ರ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಊಟಕ್ಕೆ ಜೋಳದ ರೊಟ್ಟಿ, ಪಲ್ಯ, ಬೇಳೆ, ಅನ್ನ. ಜೋಳದ ರೊಟ್ಟಿ ತಿಂದು ರೂಢಿ ಇಲ್ಲದ ಬೆಂಗಳೂರು ಕಡೆಯವರು ಎರಡರ ಮೇಲೆ ಹೋಗಬೇಡಿ, ಅನ್ನ ಜಾಸ್ತಿ ಮಾಡಿಕೊಳ್ಳಿ. ಖಾರದ ಎಣ್ಣೆಗಾಯಿ ಎಷ್ಟೇ ಆಸೆ ಹುಟ್ಟಿಸಲಿ, ನಾಳೆ ಸಂಜೆಗೆ ಇಟ್ಟುಕೊಳ್ಳಿ. ಅಂದ ಹಾಗೆ, ಆ ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲ. ನನಗೆ ಮೂರು ಸಲವೂ ಬರಲಿಲ್ಲ. ಸುಮ್ನೆ ಕಣ್ಣು ಮುಚ್ಚಿ ಮಲಗಿರಿ, ಮೈಗೆ ಅಷ್ಟು ಸಾಕು.

ಬೆಳಿಗ್ಗೆ ಹೊರಡುವುದು

ಚಿಕ್ಕ ದಿನ ಅಂತ ಹತ್ತು ಗಂಟೆವರೆಗೆ ಮಲಗಬೇಡಿ, ಗಾಳಿ ಏಳುವ ಮುಂಚೆ ಅರ್ಧ ದಾರಿ ಆಗಿರಬೇಕು. ಹಾಗಂತ ಕತ್ತಲಲ್ಲೂ ಬೇಡ. ಡಿಸೆಂಬರ್, ಜನವರಿಯಲ್ಲಿ ಈ ಕಡೆ ಬೆಳಗಿನ ಚಳಿ ಚೆನ್ನಾಗಿಯೇ ಇರುತ್ತದೆ, ಕೆಲವು ದಿನ ಹೊಲಗಳ ಮೇಲೆ ಮಂಜು ಕೂತಿರುತ್ತದೆ. ಮಂಜಿನಲ್ಲಿ ಲಾರಿಯವರಿಗೆ ನೀವು ಕಾಣುವುದಿಲ್ಲ. ಏಳು ಗಂಟೆ, ಬೆಳಕು ಪೂರ್ತಿ ಹರಿದ ಮೇಲೆ ಹೊರಡಿ.

ಉಪ್ಪಿಟ್ಟು ಅಥವಾ ಸುಸಲಾ (ಮಂಡಕ್ಕಿ ಒಗ್ಗರಣೆ), ಒಂದು ಚಹಾ. ಹೊಟ್ಟೆ ಬಿರಿಯ ತಿನ್ನಬೇಡಿ. ಮೊದಲ ಅರ್ಧ ಗಂಟೆ ಹಗುರ ಗೇರಿನಲ್ಲಿ ಕಾಲು ಬೇಗ ಬೇಗ ತಿರುಗಲಿ, ಒತ್ತಬೇಡಿ. ಮಂಡಿ ಬಿಸಿಯಾಗುವ ಮುಂಚೆ ದೊಡ್ಡ ಗೇರ್ ಹಾಕಿ ಒತ್ತಿದರೆ ಅದು ಕೊನೆಯ ದಿನ ಖಂಡಿತ ಸೇಡು ತೀರಿಸಿಕೊಳ್ಳುತ್ತದೆ. ಜಾಕೆಟ್ ಹಾಕಿಕೊಂಡು ಹೊರಟಿದ್ದರೆ ಬೆವರು ಬರುವ ಮುಂಚೆ ನಿಂತು ತೆಗೆಯಿರಿ. ಬೆವರಿದ ಮೇಲೆ ತೆಗೆದರೆ ಎದುರುಗಾಳಿಗೆ ಎದೆ ಹಿಡಿದುಕೊಳ್ಳುತ್ತದೆ.

ರಸ್ತೆಯಲ್ಲಿ ನೋಡಬೇಕಾದ್ದು

ಚಳಿಗಾಲ ಇಲ್ಲಿ ಸುಗ್ಗಿ ಕಾಲ. ರಸ್ತೆ ಗಾಡಿಗಳ ಜೊತೆಗೆ ಬೆಳೆಗೂ ಸೇರಿದ್ದು. ಇದನ್ನು ತಿಳಿದುಕೊಂಡರೆ ಕೊನೆಯ ದಿನದ ಅರ್ಧ ಅಪಾಯ ಕಡಿಮೆ.

ಮೊದಲನೆಯದು ಕಬ್ಬಿನ ಟ್ರ್ಯಾಕ್ಟರ್. ಬೀದರ್ ಜಿಲ್ಲೆಯಲ್ಲಿ ಕಬ್ಬು ಜಾಸ್ತಿ, ಕಾರ್ಖಾನೆ ಶುರುವಾದರೆ ಒಂದೊಂದು ಟ್ರ್ಯಾಕ್ಟರ್ ಹಿಂದೆ ಎರಡೆರಡು ಟ್ರಾಲಿ. ಕಬ್ಬು ಟ್ರಾಲಿಯ ಅಂಚು ದಾಟಿ ಎರಡೂ ಕಡೆ ಚಾಚಿಕೊಂಡಿರುತ್ತದೆ. ಟ್ರ್ಯಾಕ್ಟರ್ ನಿಮ್ಮನ್ನು ದಾಟಿತು, ಮೊದಲ ಟ್ರಾಲಿಯೂ ದಾಟಿತು ಅಂತ ನೀವು ಒಳಗೆ ಬಂದರೆ ಎರಡನೇ ಟ್ರಾಲಿ ಹಾವಿನ ಹಾಗೆ ಬಾಲ ಆಡಿಸಿಕೊಂಡು ಬರುತ್ತದೆ. ಅದಕ್ಕೆ ಹಿಂದೆ ಟ್ರ್ಯಾಕ್ಟರ್ ಶಬ್ದ ಕೇಳಿದ ಕೂಡಲೇ ಎಡಕ್ಕೆ ಸರಿದು, ಎರಡೂ ಟ್ರಾಲಿ ಹೋಗುವವರೆಗೆ ನೇರ ಗೆರೆಯಲ್ಲಿರಿ. ಎದುರು ದಿಕ್ಕಿನಲ್ಲಿ ಟ್ರಾಲಿ ಹಿಂದೆ ಕಾರು ಇದ್ದರೆ ಅದು ಓವರ್‌ಟೇಕ್ ಮಾಡಲು ನಿಮ್ಮ ಕಡೆಗೇ ಬರುತ್ತದೆ ಅಂದುಕೊಂಡೇ ಹೋಗಿ. ಅವನಿಗೆ ಸೈಕಲ್ ಒಂದು ಗಾಡಿ ಅಂತ ಅನ್ನಿಸುವುದಿಲ್ಲ. ಉದುರಿದ ಕಬ್ಬಿನ ಜಲ್ಲೆ ರಸ್ತೆ ಮೇಲೆ ಅಡ್ಡ ಬಿದ್ದಿದ್ದರೆ ಅದರ ಮೇಲೆ ಓರೆಯಾಗಿ ಹತ್ತಿಸಬೇಡಿ, ಚಕ್ರ ಜಾರುತ್ತದೆ.

ಎರಡನೆಯದು ನಾನು ಬಿದ್ದ ಜಾಗ, ರಾಶಿ. ಕಲಬುರಗಿ ತೊಗರಿ ಕಣಜ ಅಂತ ಹೆಸರಾದ ಜಿಲ್ಲೆ, ಇಲ್ಲಿನ ತೊಗರಿ ಬೇಳೆಗೆ ಜಿಐ ಟ್ಯಾಗ್ (ಊರಿನ ಹೆಸರಿಗೆ ಸೇರಿದ ಬೆಳೆ ಅನ್ನುವ ಸರ್ಕಾರಿ ಗುರುತು) ಕೂಡ ಸಿಕ್ಕಿದೆ. ಬೀದರ್‌ನಲ್ಲೂ ತೊಗರಿ ಉಂಟು. ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ಹಳ್ಳಿ ರಸ್ತೆಗಳಲ್ಲಿ ತೊಗರಿ ಹರವಿರುತ್ತಾರೆ, ಸುತ್ತ ಕಲ್ಲು ಇಟ್ಟಿರುತ್ತಾರೆ. ಗಾಡಿ ಓಡಾಡಿದರೆ ಕಾಳು ಬಿಡಿಸಿಕೊಳ್ಳುತ್ತದೆ ಅನ್ನುವ ಲೆಕ್ಕ. ಕಣ ಮಾಡುವಷ್ಟು ಜಾಗವೂ ಆಳೂ ಇಲ್ಲದವರು ಹಾಗೆ ಮಾಡುತ್ತಾರೆ, ಅವರ ಮೇಲೆ ಸಿಟ್ಟಾಗಿ ಉಪಯೋಗ ಇಲ್ಲ. ನೀವು ಮಾಡಬೇಕಾದ್ದು ಇಷ್ಟು: ದೂರದಿಂದ ರಸ್ತೆಯ ಬಣ್ಣ ಬದಲಾದದ್ದು ಕಂಡ ಕೂಡಲೇ ವೇಗ ಇಳಿಸಿ, ಅದರ ಮೇಲೆ ಹೋಗುವ ಮುಂಚೆಯೇ ಬ್ರೇಕ್ ಕೆಲಸ ಮುಗಿಸಿ. ಮೇಲೆ ಬಂದ ಮೇಲೆ ಬ್ರೇಕ್ ಮುಟ್ಟಬೇಡಿ, ಹ್ಯಾಂಡಲ್ ತಿರುಗಿಸಬೇಡಿ. ದಪ್ಪ ಇದ್ದರೆ ಇಳಿದು ತಳ್ಳಿ. ಕಟ್ಟಿಗೆಯೂ ಸಿಪ್ಪೆಯೂ ಚೈನಿಗೆ, ಹಿಂದಿನ ಗೇರಿನ ಪುಟ್ಟ ಚಕ್ರಗಳಿಗೆ ಸುತ್ತಿಕೊಳ್ಳುತ್ತವೆ. ದಾಟಿದ ಮೇಲೆ ಒಂದು ನಿಮಿಷ ನಿಂತು ಬಿಡಿಸಿ. ರಾಶಿ ಮಾಡುವವರಿಗೆ ಒಂದು ಮಾತಾಡಿಸಿ ಹೋಗಿ. “ಯಾ ಊರಿಂದ ಬಂದೀರ್ರಿ?” ಅಂತ ಕೇಳೇ ಕೇಳುತ್ತಾರೆ, ಕೊನೆಯ ದಿನ ಆ ಪ್ರಶ್ನೆಗೆ ಉತ್ತರ ಹೇಳುವಾಗ ಆಗುವ ಖುಷಿಯೇ ಬೇರೆ.

ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ ಅದು ಎದುರುಗಾಳಿಯನ್ನು ಒಂದು ಕ್ಷಣ ತಡೆಯುತ್ತದೆ, ಸೈಕಲ್ ಅದರ ಕಡೆಗೆ ಎಳೆದ ಹಾಗಾಗುತ್ತದೆ, ಮರುಕ್ಷಣ ಗಾಳಿ ಮತ್ತೆ ಹೊಡೆಯುತ್ತದೆ. ಹ್ಯಾಂಡಲ್ ಬಿಗಿಯಾಗಿ ಹಿಡಿಯುವ ಬದಲು ಮೊಣಕೈ ಸ್ವಲ್ಪ ಮಡಚಿಕೊಂಡಿರಿ. ಹೆದ್ದಾರಿಯ ಅಂಚಿನಲ್ಲಿ ಡಾಂಬರಿಗೂ ಮಣ್ಣಿಗೂ ಮಧ್ಯೆ ಮೆಟ್ಟಿಲು ಇರುವ ಕಡೆ ಬಿಳಿ ಗೆರೆಯ ಮೇಲೇ ಹೋಗಬೇಡಿ, ಒಂದಡಿ ಒಳಗಿರಿ. ಕೆಳಗೆ ಇಳಿದುಬಿಟ್ಟರೆ ಓಡುತ್ತಲೇ ಮೇಲೆ ಹತ್ತಿಸಲು ಹೋಗದೆ ನಿಂತು, ಎತ್ತಿ ಇಟ್ಟುಕೊಳ್ಳಿ. ನಾಯಿ ಬೆನ್ನು ಹತ್ತಿದರೆ ಇಳಿದು ಸೈಕಲ್ ಮಧ್ಯೆ ಇಟ್ಟುಕೊಂಡು ನಡೆಯಿರಿ, ಹೆಚ್ಚಿನವು ಅಲ್ಲಿಗೇ ಸುಮ್ಮನಾಗುತ್ತವೆ.

ಏನಾದರೂ ಆದರೆ 112 ಪೊಲೀಸ್ ಸೇರಿ ಎಲ್ಲ ತುರ್ತಿಗೂ, 108 ಆಂಬುಲೆನ್ಸ್‌ಗೆ, 1033 ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ. ಮೂರನ್ನೂ ಚೀಟಿಯಲ್ಲಿ ಬರೆದು, ರಕ್ತದ ಗುಂಪು ಮತ್ತು ಮನೆಯವರ ನಂಬರ್ ಸೇರಿಸಿ ಹ್ಯಾಂಡಲ್ ಬ್ಯಾಗಿನಲ್ಲಿಡಿ. ಬಿದ್ದಾಗ ನಿಮ್ಮ ಫೋನ್ ಲಾಕ್ ತೆಗೆಯಲು ಬೇರೆಯವರಿಗೆ ಆಗುವುದಿಲ್ಲ ಅಲ್ವಾ?

ನೀರು, ತಿಂಡಿ

ಐವತ್ತು ಕಿಲೋಮೀಟರ್ ತಾನೇ ಅಂತ ಒಂದೇ ಬಾಟಲ್ ನೀರು ತರುವವರನ್ನು ನೋಡಿದ್ದೇನೆ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಲೆಕ್ಕ ಇಟ್ಟುಕೊಳ್ಳಿ. ಚಳಿಗಾಲದ ಒಣ ಗಾಳಿಯಲ್ಲಿ ಬೆವರು ಕಾಣದೆ ಆರಿಹೋಗುತ್ತದೆ, ಬಾಯಾರಿಕೆ ಗೊತ್ತಾಗುವುದಿಲ್ಲ. ಒಂದು ಬಾಟಲಿಗೆ ಓಆರ್‌ಎಸ್ ಹಾಕಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಹಾಕಬೇಡಿ.

ಹಿಂದಿನ ದಿನ ಕಮಲಾಪುರದಲ್ಲಿ ನಿಂತು ಕೆಂಪು ಬಾಳೆಹಣ್ಣು ತಂದಿರಿ. ಜಿಐ ಟ್ಯಾಗ್ ಸಿಕ್ಕ ಹಣ್ಣು ಅದು, ದಪ್ಪ ಸಿಪ್ಪೆ, ಒಂದು ತಿಂದರೆ ಹೊಟ್ಟೆ ತುಂಬುತ್ತದೆ. ಬ್ಯಾಗಿನ ಮೇಲ್ಗಡೆ ಟವೆಲ್ಲಿನಲ್ಲಿ ಸುತ್ತಿಟ್ಟರೆ ಮರುದಿನಕ್ಕೂ ನಜ್ಜುಗುಜ್ಜಾಗುವುದಿಲ್ಲ. ಅದರ ಜೊತೆ ಶೇಂಗಾ ಚಿಕ್ಕಿ ಅಥವಾ ಬೆಲ್ಲ ಹಾಕಿದ ಶೇಂಗಾ ಉಂಡೆ. ಹಸಿವಾಗುವ ಮುಂಚೆ, ಮುಕ್ಕಾಲು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಚಹಾ ಅಂಗಡಿಯ ಮಿರ್ಚಿ ಭಜಿ ಬಿಸಿಬಿಸಿ ಕಂಡರೂ ತುಳಿಯುವಾಗ ಎದೆ ಉರಿಸುತ್ತದೆ. ಬೀದರ್‌ನಲ್ಲಿ ತಿನ್ನಿ.

ಮೈ ಏನು ಹೇಳುತ್ತದೆ ಕೇಳಿ

ಹತ್ತು ದಿನದ ಮೇಲೆ ನೋವು ಇದ್ದೇ ಇರುತ್ತದೆ. ಯಾವ ನೋವಿಗೆ ನಿಲ್ಲಬೇಕು ಅನ್ನೋದು ಗೊತ್ತಿರಬೇಕು. ತೊಡೆಯಲ್ಲಿ ಭಾರ, ಬೆನ್ನಲ್ಲಿ ಬಿಗಿ, ಇವು ಸುಸ್ತಿನವು, ನಿಧಾನ ಹೋದರೆ ನಡೆಯುತ್ತದೆ. ಮಂಡಿಯ ಒಂದೇ ಜಾಗದಲ್ಲಿ ಸೂಜಿ ಚುಚ್ಚಿದ ಹಾಗೆ, ಪ್ರತಿ ಸುತ್ತಿಗೂ ಬಂದರೆ ನಿಲ್ಲಿ. ಗೇರ್ ಹಗುರ ಮಾಡಿ, ಸೀಟು ಕೆಳಗೆ ಜಾರಿದೆಯಾ ನೋಡಿ. ಭಾರ ಹೊತ್ತ ಸೈಕಲ್ಲಿನಲ್ಲಿ ಸೀಟಿನ ಕಂಬ ದಿನಕ್ಕೆ ಎರಡು ಮಿಲಿಮೀಟರ್ ಇಳಿದರೂ ಹತ್ತು ದಿನಕ್ಕೆ ಎರಡು ಸೆಂಟಿಮೀಟರ್ ಆಯಿತು, ಮಂಡಿ ನೋವಿಗೆ ಅಷ್ಟೇ ಸಾಕು. ಹೊರಡುವ ದಿನವೇ ಕಂಬಕ್ಕೆ ಇನ್ಸುಲೇಷನ್ ಟೇಪಿನ ಗುರುತು ಸುತ್ತಿದ್ದರೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿದ್ದರೆ ಅಂಗೈಯ ಹೊರ ಅಂಚಿನಲ್ಲಿ ನರ ಒತ್ತಿದೆ ಅಂತ. ಹತ್ತು ನಿಮಿಷಕ್ಕೊಮ್ಮೆ ಕೈ ಹಿಡಿಯುವ ಜಾಗ ಬದಲಿಸಿ, ಒಂದೊಂದೇ ಕೈ ಕೊಡವಿ. ತೊಡೆ ಸಂದಿ ಉಜ್ಜಿ ಹುಣ್ಣಾಗಿದ್ದರೆ ನಾಚಿಕೆ ಬಿಟ್ಟು ಹೇಳುತ್ತೇನೆ, ಒಗೆದು ಒಣಗಿದ ಚಡ್ಡಿಯನ್ನು ಕೊನೆಯ ದಿನಕ್ಕೆ ಅಂತಲೇ ಎತ್ತಿಡಿ, ಬೆಳಿಗ್ಗೆ ವ್ಯಾಸಲೀನ್ ದಪ್ಪವಾಗಿ ಹಚ್ಚಿ.

ಕೊನೆಯ ಇಪ್ಪತ್ತು ಕಿಲೋಮೀಟರ್

ಹಳ್ಳಿಖೇಡ ದಾಟಿ ಮುಂದೆ ಬಂದಂತೆ ಮಣ್ಣು ನೋಡುತ್ತಾ ಹೋಗಿ. ಕಲಬುರಗಿ ಕಡೆ ಕಪ್ಪು ಎರೆ ಮಣ್ಣು. ಬೀದರ್ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಬಯಲಿನ ಮೇಲೆ, ಹತ್ತಿರ ಬಂದ ಹಾಗೆ ರಸ್ತೆ ಬದಿ ಕೆಂಪಾಗುತ್ತದೆ, ಕಡಿದ ಗುಡ್ಡದ ಮೈಯಲ್ಲಿ ಇಟ್ಟಿಗೆ ಬಣ್ಣ ಕಾಣುತ್ತದೆ. ಮೊಬೈಲ್ ನಕ್ಷೆ ನೋಡಬೇಕಿಲ್ಲ, ಮಣ್ಣೇ ಹೇಳುತ್ತದೆ ಊರು ಬಂತು ಅಂತ.

“ಬೀದರ್ 20” ಅನ್ನುವ ಕಲ್ಲು ಕಂಡ ಕೂಡಲೇ ಎಲ್ಲರ ಕಾಲು ತಾನಾಗಿಯೇ ಜೋರಾಗುತ್ತದೆ. ಇಲ್ಲಿ ನಿಲ್ಲಿ. ಇದು ನನ್ನ ಗಟ್ಟಿ ನಿಯಮ, ಇದೊಂದನ್ನು ಪಾಲಿಸಿದರೆ ಉಳಿದದ್ದನ್ನು ಸ್ವಲ್ಪ ಬಿಟ್ಟರೂ ನಡೆಯುತ್ತದೆ. ಅರ್ಧ ಗಂಟೆ ಪೂರ್ತಿ ನಿಲ್ಲಿ. ಹೆಲ್ಮೆಟ್ ತೆಗೆದು, ಬೂಟು ಬಿಚ್ಚಿ, ಬೇವಿನ ಮರವೋ ಹುಣಸೆ ಮರವೋ ನೆರಳು ಹುಡುಕಿ ಕೂತುಕೊಳ್ಳಿ. ಉಳಿದ ಬಾಳೆಹಣ್ಣು ತಿನ್ನಿ. ಮನೆಯವರಿಗೆ, ಸ್ನೇಹಿತರಿಗೆ ಫೋನ್ ಮಾಡುವುದಿದ್ದರೆ ಇಲ್ಲೇ ಮಾಡಿ ಮುಗಿಸಿ. ಆಮೇಲೆ ಫೋನ್ ಬ್ಯಾಗಿಗೆ ಹೋಗಲಿ, ಊರು ಮುಟ್ಟುವವರೆಗೆ ಹೊರಗೆ ಬರುವುದು ಬೇಡ. ಕೊನೆಯ ಕಲ್ಲುಗಳ ಫೋಟೊ ತೆಗೆಯುತ್ತಾ ಒಂದೇ ಕೈಯಲ್ಲಿ ಹೋಗುವವರು ಬೀಳುವುದು ಈ ದಾರಿಯಲ್ಲೇ.

ಜೊತೆಗಾರರಿದ್ದರೆ ಇಲ್ಲಿಂದ ಅತಿ ನಿಧಾನದವರು ಮುಂದೆ, ಉಳಿದವರು ಹಿಂದೆ. ಅಷ್ಟು ದಿನ ಹಿಂದೆ ಉಳಿದವರನ್ನು ಕಾದಿದ್ದೀರಿ, ಕೊನೆಯ ಒಂದೂವರೆ ಗಂಟೆ ಅವರ ವೇಗದಲ್ಲಿ ಹೋದರೆ ಎಲ್ಲರೂ ಒಟ್ಟಿಗೆ ಊರೊಳಗೆ ಬರುತ್ತೀರಿ. ನನ್ನ ಮೂರನೇ ಪ್ರವಾಸದಲ್ಲಿ ಐವತ್ತೆಂಟು ವಯಸ್ಸಿನ ಕಾಕಾ ಒಬ್ಬರು ನಮ್ಮ ಜೊತೆಗಿದ್ದರು. ಅವರು ಮುಂದೆ ಹೋದರು, ನಾವು ನಾಲ್ಕು ಜನ ಸಾಲಾಗಿ ಹಿಂದೆ. ಅವರು ಒಂದು ಸಲವೂ ತಿರುಗಿ ನೋಡಲಿಲ್ಲ, ಆದರೆ ಅವರ ಬೆನ್ನು ನೆಟ್ಟಗಾಗಿದ್ದು ನನಗೆ ಕಾಣುತ್ತಿತ್ತು.

ಊರೊಳಗೆ, ಚೌಬಾರದವರೆಗೆ

ಎಲ್ಲಿ ಮುಗಿಸುತ್ತೀರಿ ಅಂತ ಮೊದಲೇ ಒಂದು ಜಾಗ ಗೊತ್ತು ಮಾಡಿ. ಲಾಡ್ಜಿನ ಬಾಗಿಲಲ್ಲಿ ಮುಗಿಸಿದರೆ ಏನೋ ಖಾಲಿ ಅನ್ನಿಸುತ್ತದೆ. ನಾನು ಚೌಬಾರ ಇಟ್ಟುಕೊಂಡಿದ್ದೇನೆ. ಹಳೇ ಊರಿನ ನಡುವೆ ನಾಲ್ಕು ದಾರಿ ಸೇರುವಲ್ಲಿ ನಿಂತ ದುಂಡನೆಯ ಎತ್ತರದ ಕಾವಲು ಗೋಪುರ ಅದು. ಬೆಳಿಗ್ಗೆ 7ಕ್ಕೆ ಹುಮನಾಬಾದ್ ಬಿಟ್ಟಿದ್ದರೆ ಮಧ್ಯಾಹ್ನ ಹನ್ನೆರಡೂವರೆ, ಒಂದು ಗಂಟೆಗೆ ಅಲ್ಲಿರುತ್ತೀರಿ.

ಊರೊಳಗಿನ ಕೊನೆಯ ಮೂರ್ನಾಲ್ಕು ಕಿಲೋಮೀಟರ್ ಹೆದ್ದಾರಿಗಿಂತ ಕಷ್ಟ. ಆಟೊ, ತಳ್ಳುಗಾಡಿ, ಥಟ್ಟನೆ ತೆರೆಯುವ ಕಾರಿನ ಬಾಗಿಲು. ಎರಡೂ ಬ್ರೇಕಿನ ಮೇಲೆ ಬೆರಳು ಇರಲಿ. ಹಳೇ ಪೇಟೆಯ ಓಣಿಗಳಲ್ಲಿ ಜನ ಜಾಸ್ತಿ ಇದ್ದರೆ ಇಳಿದು ತಳ್ಳಿಕೊಂಡು ಹೋಗಿ. ತಳ್ಳಿಕೊಂಡು ಮುಟ್ಟಿದರೂ ಮುಟ್ಟಿದ ಹಾಗೇ.

ಚೌಬಾರಕ್ಕೆ ಒಂದು ಸುತ್ತು ಹಾಕಿ, ಬದಿಗೆ ನಿಲ್ಲಿ. ಬ್ಯಾಗ್ ಇಳಿಸಬೇಡಿ, ಒಂದು ಚಹಾ ಕುಡಿಯಿರಿ. ಶಕ್ತಿ ಇದ್ದರೆ ಅಲ್ಲಿಂದ ಕೋಟೆ ಕಡೆ ಹೋಗುವ ರಸ್ತೆಯಲ್ಲೇ ಮಹಮೂದ್ ಗವಾನ್ ಮದರಸಾ ಇದೆ, 1472ರದ್ದು. ಉಳಿದಿರುವ ಒಂದು ಮಿನಾರಿನ ಮೇಲೆ ನೀಲಿ, ಹಸಿರು ಹೆಂಚಿನ ಚೂರುಗಳು ಇನ್ನೂ ಹೊಳೆಯುತ್ತವೆ. ಬಹಮನಿ ಸುಲ್ತಾನ ಅಹ್ಮದ್ ಶಾ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದದ್ದು ಹದಿನೈದನೇ ಶತಮಾನದಲ್ಲಿ. ಒಂದು ರಾಜಧಾನಿಯಿಂದ ಇನ್ನೊಂದಕ್ಕೆ, ಕೆಳಗಿನ ಕಪ್ಪು ಮಣ್ಣಿನಿಂದ ಮೇಲಿನ ಕೆಂಪು ಬಯಲಿಗೆ ನೀವು ಕಾಲಲ್ಲೇ ತುಳಿದು ಬಂದಿದ್ದೀರಿ. ಆ ಊರು ಯಾಕೆ ಮೇಲೆ ಬಂತು ಅನ್ನೋದು ತೊಡೆಗೆ ಗೊತ್ತಾಗಿರುತ್ತದೆ, ಗಾಳಿ ತಣ್ಣಗಿದೆ, ಜಾಗ ಎತ್ತರ.

ಇಳಿದ ಮೇಲೆ ಮೊದಲ ನಾಲ್ಕು ಗಂಟೆ

ಥಟ್ಟನೆ ಕೂತುಬಿಡಬೇಡಿ. ಹತ್ತು ನಿಮಿಷ ನಡೆದಾಡಿ, ತೊಡೆ ಮತ್ತು ಮೀನಖಂಡ ನಿಧಾನವಾಗಿ ಎಳೆಯಿರಿ, ಬೆವರಿದ ಬಟ್ಟೆ ಬದಲಿಸಿ. ಒಂದು ಗಂಟೆಯೊಳಗೆ ಊಟ ಆಗಲಿ.

ಊಟಕ್ಕೆ ನಾನು ಹೋಗುವುದು ಗುರುದ್ವಾರ ನಾನಕ್ ಝೀರಾ ಸಾಹಿಬ್‌ಗೆ. ಕರವಸ್ತ್ರ ಮೇಲಿಟ್ಟುಕೊಳ್ಳಿ ಅಂದದ್ದು ಇದಕ್ಕೇ, ಒಳಗೆ ತಲೆ ಮುಚ್ಚಿರಬೇಕು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಹೋಗಿ. ಲಂಗರ್‌ನಲ್ಲಿ, ಅಂದರೆ ಎಲ್ಲರಿಗೂ ಊಟ ಬಡಿಸುವ ಅಲ್ಲಿನ ದಾಸೋಹದಲ್ಲಿ, ನೆಲದ ಮೇಲೆ ಸಾಲಾಗಿ ಕೂತು ರೊಟ್ಟಿ, ದಾಲ್. ಎರಡೂ ಕೈ ಚಾಚಿ ರೊಟ್ಟಿ ತೆಗೆದುಕೊಳ್ಳುತ್ತಾರೆ. ಮೊದಲ ಸಲ ನನ್ನ ಬಲಗೈ ಮೊಣಕೈಗೆ ಬಟ್ಟೆ ಸುತ್ತಿತ್ತು, ಚಾಚಲು ಆಗಲಿಲ್ಲ. ಬಡಿಸುತ್ತಿದ್ದ ಹಿರಿಯರು ಬಗ್ಗಿ ರೊಟ್ಟಿಯನ್ನು ಎಡ ಅಂಗೈ ಮೇಲೆ ಇಟ್ಟು, ಒಂದು ಕ್ಷಣ ತಮ್ಮ ಕೈ ಅಡಿಗೆ ಹಿಡಿದರು. ಏನೂ ಕೇಳಲಿಲ್ಲ. ಊಟ ಆದ ಮೇಲೆ ನಿಮ್ಮ ಕೈಲಾದ ಸೇವೆ ಮಾಡಿ, ತಟ್ಟೆ ತೊಳೆಯುವುದೂ ಸೇವೆಯೇ.

ಝರಣಿ ನರಸಿಂಹ ಗುಹೆಗೆ ಅದೇ ದಿನ ಹೋಗಬೇಕು ಅಂತ ಹಲವರಿಗೆ ಆಸೆ. ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ನಡೆಯಬೇಕು. ಗಾಯ, ಹುಣ್ಣು ಇದ್ದವರು ಬೇಡ, ಇಲ್ಲದವರು ಮರುದಿನ ಹೋಗಿ. ಸುಸ್ತಾದ ಕಾಲಲ್ಲಿ ನೀರೊಳಗೆ ಬ್ಯಾಲೆನ್ಸ್ ಸಿಗುವುದಿಲ್ಲ.

ಸೈಕಲನ್ನು ಮನೆಗೆ ಕಳಿಸುವುದು

ಅದೇ ಸಂಜೆಯ ರೈಲಿಗೆ ಟಿಕೆಟ್ ಮಾಡಬೇಡಿ. ಒಂದು ರಾತ್ರಿ ಬೀದರ್‌ನಲ್ಲಿರಿ. ಟಿಕೆಟ್ ಇದ್ದರೆ ಇಡೀ ದಿನ ಗಡಿಯಾರ ನೋಡುತ್ತಾ ತುಳಿಯುತ್ತೀರಿ, ಇಲ್ಲಿಯವರೆಗೆ ಹೇಳಿದ್ದೆಲ್ಲ ನೀರಲ್ಲಿ ಹೋಮ.

ಸೈಕಲ್ ರೈಲಿನಲ್ಲಿ ಲಗೇಜ್ ಆಗಿ ಹೋಗುತ್ತದೆ. ಪ್ರಯಾಣದ ಟಿಕೆಟ್ ಹಿಡಿದು ಪಾರ್ಸೆಲ್ ಕಚೇರಿಗೆ ಎರಡು ಗಂಟೆ ಮುಂಚೆ ಹೋಗಿ, ಸಾಧ್ಯವಾದರೆ ಹಿಂದಿನ ದಿನವೇ ಕೇಳಿಕೊಂಡು ಬನ್ನಿ. ಬೀದರ್‌ನಿಂದಲೇ ಹೊರಡುವ ರೈಲು ಹಿಡಿಯಿರಿ, ಅದು ಹೊರಡುವ ಮುಂಚೆ ನಿಂತಿರುತ್ತದೆ, ಸೈಕಲ್ ಏರಿಸಲು ಸಮಯ ಸಿಗುತ್ತದೆ. ಪೆಡಲ್ ಬಿಚ್ಚುವಾಗ ನೆನಪಿರಲಿ, ಎಡ ಪೆಡಲಿನ ತಿರುಪು ಉಲ್ಟಾ. ಬಲದ್ದು ಎಂದಿನ ಹಾಗೆ ಬಿಚ್ಚುತ್ತದೆ, ಎಡದ್ದನ್ನು ಗಡಿಯಾರದ ಮುಳ್ಳು ತಿರುಗುವ ಕಡೆ ತಿರುಗಿಸಬೇಕು. ಸುಸ್ತಿನಲ್ಲಿ ಇದನ್ನು ಮರೆತು ಬಿಗಿ ಮಾಡಿಕೊಂಡು ಕೂರಬೇಡಿ. ಹ್ಯಾಂಡಲ್ ತಿರುಗಿಸಿ ಚೌಕಟ್ಟಿಗೆ ಸಮ ಮಾಡಿ ಕಟ್ಟಿ. ಹಿಂದಿನ ಚೈನನ್ನು ಅತಿ ದೊಡ್ಡ ಚಕ್ರಕ್ಕೆ ಹಾಕಿದರೆ ಗೇರ್ ಒಳಗೆ ಸರಿದು ಪೆಟ್ಟಿನಿಂದ ಉಳಿಯುತ್ತದೆ. ಗೋಣಿ ಚೀಲ, ರಟ್ಟು ಸುತ್ತಿ ಎರಡು ಕಡೆ ಹೆಸರು, ಫೋನ್, ರೈಲು ಸಂಖ್ಯೆ, ಇಳಿಯುವ ನಿಲ್ದಾಣ ದಪ್ಪ ಅಕ್ಷರದಲ್ಲಿ ಬರೆಯಿರಿ. ದೀಪ, ಮೀಟರ್, ಬಾಟಲ್, ಬ್ಯಾಗ್ ಏನೂ ಸೈಕಲ್ಲಿನ ಮೇಲೆ ಬಿಡಬೇಡಿ. ರಸೀದಿ ಜೋಪಾನ.

ಬೀದರ್–ಕಲಬುರಗಿ ರೈಲು ಮಾರ್ಗ ಶುರುವಾದದ್ದು 2017ರಲ್ಲಿ. ಆ ದಾರಿಯ ರೈಲಿನಲ್ಲಿ ಹೋದರೆ ಮರಗುತ್ತಿ ಹತ್ತಿರ ಸುರಂಗ ಬರುತ್ತದೆ. ಅದೇ ಗುಡ್ಡದ ಸಾಲನ್ನು ನೀವು ಸೈಕಲ್ಲಿನಲ್ಲಿ ಮೇಲಿನಿಂದ ದಾಟಿ ಬಂದಿದ್ದೀರಿ. ಕಿಟಕಿ ಪಕ್ಕ ಕೂತುಕೊಳ್ಳಿ.

ಮನೆಗೆ ಬಂದ ಮೇಲೆ

ಎರಡು ಮೂರು ದಿನ ಬೆಳಿಗ್ಗೆ ಐದಕ್ಕೇ ಎಚ್ಚರ ಆಗುತ್ತದೆ, ಹೋಗಲು ಎಲ್ಲೂ ಇರುವುದಿಲ್ಲ. ಹಸಿವು ಮೊದಲಿನಷ್ಟೇ ಇರುತ್ತದೆ, ಕೆಲಸ ಇಲ್ಲ. ಯಾರಾದರೂ “ಹೇಗಿತ್ತು?” ಅಂತ ಕೇಳಿದರೆ ಹೇಳಲು ಮಾತು ಹೊರಡುವುದಿಲ್ಲ, ಒಂದು ಥರ ಮಂಕು. ಬಹಳ ಜನಕ್ಕೆ ಹೀಗೆ ಆಗುತ್ತದೆ, ಹೆದರಬೇಡಿ. ಪೂರ್ತಿ ಮಲಗಿ ಕೂರುವುದಕ್ಕಿಂತ ದಿನಾ ಅರ್ಧ ಗಂಟೆ ನಡೆಯಿರಿ. ಟೈರ್ ಬಿಚ್ಚಿ ತೊಳೆಯಿರಿ, ಕಡ್ಡಿಗಳ ಮಧ್ಯೆ ಇನ್ನೂ ಸಿಕ್ಕಿಕೊಂಡಿರುವ ಕೆಂಪು ಮಣ್ಣು ಕೆರೆದು ತೆಗೆಯಿರಿ. ಸವೆದ ಸಾಮಾನಿನ ಪಟ್ಟಿ ಆಗಲೇ ಬರೆದುಕೊಳ್ಳಿ, ಮುಂದಿನ ಪ್ರವಾಸಕ್ಕೆ ನೆನಪಿರುವುದಿಲ್ಲ.

ನಾಲ್ಕನೇ ದಿನ ಹಾಲು ತರಲು ಸೈಕಲ್ಲಿನಲ್ಲೇ ಹೋಗಿ. ಬ್ಯಾಗಿನ ಭಾರ ಇಲ್ಲದೆ ಸೈಕಲ್ ತೀರಾ ಹಗುರ ಅನ್ನಿಸುತ್ತದೆ, ಮುಂದಿನ ಚಕ್ರ ಒಂದಿಷ್ಟು ಅತ್ತಿತ್ತ ಆಡುತ್ತದೆ. ಮೊದಲ ತಿರುವಿನಲ್ಲಿ ಸ್ವಲ್ಪ ಹುಷಾರಾಗಿರಿ.